ಅಕ್ಕಾಸಾಹೇಬರ ‘ಹೋ’

ಬಿ ಫಾರಂ ಮನೆಗೆ ಬಂದ ದಿನ ಈಶಪ್ಪ ಒಂದೇ ರೊಟ್ಟಿ ತಿಂದು ಎದ್ದ. ಮಧ್ಯಾಹ್ನದ ಊಟಕ್ಕೆ ಮೂರು ರೊಟ್ಟಿಗೆ ಕಡಿಮೆ ತಿಂದವನೇ ಅಲ್ಲ ಅವನು. ಹೆಂಚಿನ ಮುಂದೆ ಕುಳಿತಿದ್ದ ಗಿರಿಜಾಬಾಯಿ ಹಿಟ್ಟಿನ ಕೈಯಲ್ಲೇ ಗಂಡನ ಕಡೆ ತಿರುಗಿದಳು.

“ಯಾಕ್ರಿ? ಪಲ್ಲೆ ಖಾರ ಆತೇನು?”

“ಪಲ್ಲೆ ಬರೋಬ್ಬರಿ ಐತಿ.”

“ಹಂಗಾರ ಯಾವುದು ಬರೋಬ್ಬರಿ ಇಲ್ಲ, ಅದನ್ನರ ಹೇಳ್ರಿ.”

ಈಶಪ್ಪ ಕೈ ತೊಳೆದುಕೊಂಡ. ಪಡಸಾಲೆಯಲ್ಲಿದ್ದ ಹೊಲಿಗೆ ಯಂತ್ರದ ಕಡೆ ನೋಡಿದ. ಅಲ್ಲಿ, ಕತ್ತರಿಸಿಟ್ಟ ಶಾಲೆಯ ಅಂಗಿಗಳ ರಾಶಿಯ ಮೇಲೆ, ಪ್ಲಾಸ್ಟಿಕ್ ಕವರಿನೊಳಗೆ ಆ ಕಾಗದ ಇತ್ತು. ಸೊಸೆ ಪೂರ್ಣಿಮಾ ಪುರಸಭೆಯ ಉಪಚುನಾವಣೆಗೆ ನಿಲ್ಲುತ್ತಿದ್ದಳು. ನಿಲ್ಲಲಿ, ಅದಕ್ಕೆ ಅವನ ತಕರಾರಿರಲಿಲ್ಲ. ನಿಲ್ಲುತ್ತಿದ್ದದ್ದು ಎದುರು ಪಕ್ಷದಿಂದ.

ಈಶಪ್ಪನಿಗೆ ‘ನಮ್ಮ ಪಕ್ಷ’ ಎಂದರೆ ತಾರಾಬಾಯಿ ಖೋತ ಅವರ ಪಕ್ಷ. ಊರೆಲ್ಲ ಅವರನ್ನು ಅಕ್ಕಾಸಾಹೇಬರು ಎನ್ನುತ್ತಿತ್ತು. ಎರಡು ಸಲ ಶಾಸಕಿ, ಒಂದು ಸಲ ಮಂತ್ರಿ. ಇಪ್ಪತ್ತಾರು ವರ್ಷ ಅವರ ಕಾರು ನಡೆಸಿದವನು ಈಶಪ್ಪ. ಈಗ ಅವರ ಕೈಯಲ್ಲಿ ಅಧಿಕಾರವಿಲ್ಲ, ಇವನ ಕೈಯಲ್ಲಿ ಸ್ಟೇರಿಂಗ್ ಇಲ್ಲ. ಆದರೂ ಹಳಿಯಾಳದ ಆ ವಾರ್ಡಿನಲ್ಲಿ, ಅಕ್ಕಾಸಾಹೇಬರ ಮನೆಯ ಹಿಂದಿನ ಓಣಿಯಲ್ಲಿ, ಹಿರಿಯರು ಓಟಿನ ಗುಂಡಿ ಒತ್ತುವ ಮೊದಲು ಅವರು ಏನಂದರು ಎಂದು ಕೇಳದೆ ಇರುತ್ತಿರಲಿಲ್ಲ.

ಈ ಸಲ ಅಕ್ಕಾಸಾಹೇಬರು ಏನೂ ಅಂದಿರಲಿಲ್ಲ. ಅವರ ಪಕ್ಷ ಅವರನ್ನು ಒಂದು ಮಾತು ಕೇಳದೆ ಗುತ್ತಿಗೆದಾರ ಮಲ್ಲೇಶನ ಹೆಂಡತಿಗೆ ಟಿಕೆಟ್ ಕೊಟ್ಟಿತ್ತು. ಅಂದಿನಿಂದ ಅವರು ಮನೆಯ ಜೋಕಾಲಿಯ ಮೇಲೆ ಕುಳಿತವರು ಪಕ್ಷದ ಒಂದು ಸಭೆಗೂ ಇಳಿದಿರಲಿಲ್ಲ. ಸಿಟ್ಟಿನಲ್ಲಿ ಎದುರು ಪಕ್ಷದ ಪೂರ್ಣಿಮಾಳ ಪರ ಮಾತಾಡಿಬಿಡುತ್ತಾರೋ, ಇಲ್ಲವೋ? ಬಸ್ ಸ್ಟ್ಯಾಂಡಿನ ಚಹದಂಗಡಿಯಿಂದ ಹಿಟ್ಟಿನ ಗಿರಣಿಯವರೆಗೆ ಈಗ ಅದೊಂದೇ ಮಾತು.

ಪೂರ್ಣಿಮಾ ಮಾವನ ಮುಂದೆ ನೀರಿನ ತಂಬಿಗೆ ಇಟ್ಟಳು.

“ಮಾವಾರ, ಒಂದು ಕೇಳ್ಲೇನ್ರಿ?”

“ಕೇಳು.”

“ನಿಮ್ಮ ಓಟು ಯಾರಿಗೆ?”

“ಅಕ್ಕಾಸಾಹೇಬ್ರು ಹೇಳಿದ ಕಡೆ.”

“ಅವರು ನನಗ ಹಾಕು ಅಂದ್ರ?”

“ಅಂದ್ರ ಹಾಕ್ತೇನಿ. ಓಣಿ ಮಂದೀನೆಲ್ಲ ಕರಕೊಂಡು ಹೋಗಿ ಹಾಕಸ್ತೇನಿ.”

“ಅನ್ಲಿಲ್ಲ ಅಂದ್ರ?”

ಈಶಪ್ಪ ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಂಡು ಕಟ್ಟೆಗೆ ಹೋದ. ಪೂರ್ಣಿಮಾ ಯಂತ್ರದ ಮುಂದೆ ಕುಳಿತು ಪೆಡಲು ತುಳಿದಳು. ದಾರ ತುಂಡಾಯಿತು. ಮತ್ತೆ ಪೋಣಿಸಲು ಹೋದರೆ ಸೂಜಿಯ ಕಣ್ಣೇ ಕಾಣಲಿಲ್ಲ.

“ಕೊಡಿಲ್ಲಿ,” ಎಂದು ಮಗಳು ಸುಮಿತಾ ದಾರ ತೆಗೆದುಕೊಂಡಳು. ಪಿಯುಸಿ ಎರಡನೇ ವರ್ಷದ ಹುಡುಗಿ, ಮನೆಯಲ್ಲಿ ಎಲ್ಲರಿಗಿಂತ ಹುರುಪು ಅವಳಿಗೇ. “ಮಮ್ಮಿ, ಅಜ್ಜನ ಓಟೊಂದು ಹೋದ್ರ ಹೋಗ್ಲಿ ಬಿಡು.”

“ಉಳಿದವರ ಓಟು ನಾ ಮನಿ ಮನಿಗೆ ಹೋಗಿ ಕೇಳ್ತೇನವಾ. ಮನ್ಯಾಗಿನ ಓಟು ಇಲ್ಲಂದ್ರ ಯಾವ ಮಾರಿ ಹೊತ್ಕೊಂಡು ಕೇಳ್ಲಿ?”

*

ಮೊದಲ ವಾರ ಈಶಪ್ಪನ ಕಟ್ಟೆ ಕಚೇರಿಯ ಹಾಗಾಯಿತು. ಅಕ್ಕಾಸಾಹೇಬರ ಮನಸ್ಸು ಓದಬಲ್ಲವನು ತಾಲೂಕಿನಲ್ಲಿ ಅವನೊಬ್ಬನೇ ಎಂದು ಜನರ ನಂಬಿಕೆ. ಇಪ್ಪತ್ತಾರು ವರ್ಷ ಕನ್ನಡಿಯಲ್ಲಿ ಅವರ ಮುಖ ನೋಡುತ್ತ ಗಾಡಿ ಓಡಿಸಿದವನಲ್ಲವೇ? ಎದುರು ಮನೆಯ ಚನಬಸಪ್ಪ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ನೇರ ಅಲ್ಲಿಗೇ ಬರುತ್ತಿದ್ದ.

“ಏನಂತತಿ ನಿಮ್ಮ ಹವಾಮಾನ ಇಲಾಖೆ?”

“ನಿನ್ನೆ ದಾಂಡೇಲಿ ಕಡೆ ಹೋದ್ರಂತ. ಗಾಜು ಇಳಿಸಿತ್ತಂತ.”

“ಅಂದ್ರ?”

“ಗಾಜು ಏರಿಸಿದ್ರ ಸಿಟ್ಟು ಇನ್ನೂ ಒಳಗ ಐತಿ ಅಂತ. ಇಳಿಸಿದ್ರ ಯಾರರ ಕೇಳಿದ್ರ ಮಾತಾಡ್ತೇನಿ ಅಂತ.”

“ಸೆಕಿ ಆಗಿದ್ರ?”

“ಲೇ ಚನಬಸ್ಯಾ, ಅವರು ಸೆಕಿಗೆ ಗಾಜು ಇಳಿಸೂ ಹೆಣ್ಣಮಗಳಲ್ಲ!”

ಒಳಗೆ ಸುಮಿತಾ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಎರಡು ಸಾಲು ಎಳೆದಿದ್ದಳು. ಒಂದರ ಮೇಲೆ ‘ಅಂತಾರ’, ಇನ್ನೊಂದರ ಮೇಲೆ ‘ಅನ್ನೂದಿಲ್ಲ’. ಮನೆಗೆ ಬಂದವರೆಲ್ಲ ಯಾವುದಾದರೊಂದಕ್ಕೆ ಗೆರೆ ಹಾಕಲೇಬೇಕು. ಸೋತ ಮನೆಮಂದಿ ಒಂದು ತಿಂಗಳು ಮುಸುರೆ ತಿಕ್ಕಬೇಕು ಎಂದು ಗಿರಿಜಾಬಾಯಿ ಶರತ್ತು ಹಾಕಿದಳು. ತಾನು ‘ಅಂತಾರ’ಕ್ಕೆ ದಪ್ಪ ಗೆರೆ ಎಳೆದಳು.

ಅವಳ ಮಗ ವೀರೇಶ, ಅಂದರೆ ಪೂರ್ಣಿಮಾಳ ಗಂಡ, ಬಸ್ ಕಂಡಕ್ಟರ್. ಬೆಳಿಗ್ಗೆ ಹಳಿಯಾಳದಿಂದ ದಾಂಡೇಲಿ, ಅಲ್ಲಿಂದ ಅಂಬಿಕಾನಗರ, ಮಧ್ಯಾಹ್ನ ವಾಪಸು. ಡ್ಯೂಟಿಯಲ್ಲಿರುವ ನೌಕರ ರಾಜಕೀಯ ಮಾತಾಡಬಾರದು ಎಂದು ಸ್ವಂತ ಅಡುಗೆಮನೆಯಲ್ಲೂ ಪಿಸುಗುಡುತ್ತಿದ್ದ. ಪಿಸುಗುಟ್ಟುತ್ತಲೇ ಸುದ್ದಿಯ ಮೂಟೆ ಬಿಚ್ಚುತ್ತಿದ್ದ.

“ದಾಂಡೇಲಿ ಮಂದಿ ಎಲ್ಲಾ ‘ಅನ್ನೂದಿಲ್ಲ’. ಅಂಬಿಕಾನಗರದ ಕಾಲೋನ್ಯಾಗ ಅರ್ಧಾ ಅರ್ಧಾ.”

“ನೀ ಕೇಳಿದೇನೋ?” ಎಂದಳು ಗಿರಿಜಾಬಾಯಿ.

“ನಾ ಯಾಕ ಕೇಳ್ಲಿ? ಟಿಕೆಟ್ ಕೊಡೂಮುಂದ ಕಿವಿ ಮುಚ್ಚಿಕೊಳ್ಳಾಕ ಆಗ್ತೈತೇನು?”

“ನೀ ಯಾವುದಕ್ಕ ಗೆರಿ ಹಾಕ್ತಿ?”

ವೀರೇಶ ಬಾಗಿಲ ಕಡೆ ನೋಡಿ, ‘ಅನ್ನೂದಿಲ್ಲ’ದ ಕೆಳಗೆ ಕೂದಲೆಳೆಯಂಥ ಗೆರೆ ಎಳೆದ. ಪೂರ್ಣಿಮಾ ನೋಡಿಬಿಟ್ಟಳು.

“ಹೆಂಡತಿ ನಿಂತಾಳ, ಗಂಡ ಸೋಲ್ತಾಳಂತ ಬರೀತಾನ!”

“ಏ ಪೂರ್ಣಿ, ಇದು ನಿಂದಲ್ಲ, ಅಕ್ಕಾಸಾಹೇಬ್ರದು. ನೀ ಗೆಲ್ತಿ. ಅವರು ಅನ್ನೂದಿಲ್ಲ.”

“ಅವರು ಅನ್ಲಿಲ್ಲಂದ್ರ ನಿಮ್ಮಪ್ಪ ಅನ್ನೂದಿಲ್ಲ. ನಿಮ್ಮಪ್ಪ ಅನ್ಲಿಲ್ಲಂದ್ರ ಓಣಿ ಅನ್ನೂದಿಲ್ಲ. ಆಮ್ಯಾಲೆ ನಾ ಎಲ್ಲಿಂದ ಗೆಲ್ಲಲಿ?”

ವೀರೇಶ ಊಟದ ಡಬ್ಬಿ ತೊಳೆದ. ಡಬ್ಬಿ ಮುಚ್ಚುತ್ತ ಬೇರೆ ಸುದ್ದಿ ತೆಗೆದ. “ನಮ್ಮ ಬಸ್ಸಿಗೆ ಮಾಗ್ದಲೀನಾಬಾಯಿ ಬರ್ತಾಳಲ್ಲ, ಸಂತಿಗೆ ಬಾಳೆಹಣ್ಣು ತರ್ತಾಳ, ಇವತ್ತು ಅಕಿ ಎಲ್ಲರನ್ನೂ ಬೈದ್ಲು. ‘ಆ ಬಾಯಿ ಏನಂತಾರ, ಈ ಬಾಯಿ ಏನಂತಾರ ಅಂತ ಬಡಕೋತೀರಿ. ಸಂತ್ಯಾಗ ಬಿಸಲಾಗ ಕುಂತ ಬಾಯಿ ಏನಂತಾಳ ಅಂತ ಒಬ್ಬರೂ ಕೇಳಂಗಿಲ್ಲ’ ಅಂದ್ಲು.”

ಪೂರ್ಣಿಮಾ ಚುನಾವಣೆಗೆ ನಿಂತದ್ದೇ ಆ ಬಿಸಿಲಿಗೆ ಒಂದು ನೆರಳು ಮಾಡಲೆಂದು. ಸಂತೆಯ ದಿನ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರಿಗೆ ತಗಡಿನ ಮಾಡು, ಕುಡಿಯಲು ಒಂದು ನಲ್ಲಿ. ಅವಳ ಸ್ವಸಹಾಯ ಸಂಘದ ಹನ್ನೆರಡು ಜನ ಅದನ್ನೇ ಕೇಳುತ್ತ ಬಂದಿದ್ದರು. ಎದುರು ಪಕ್ಷದವರು ‘ಒಳಗೆ ಬಂದು ನೀವೇ ಮಾಡಿರಿ’ ಎಂದು ಬಿ ಫಾರಂ ಕೈಗಿಟ್ಟಿದ್ದರು.

“ಮತ್ತ ಅಕಿ ಯಾವುದಕ್ಕ ಗೆರಿ ಹಾಕಿದ್ಲು ಪಪ್ಪಾ?” ಎಂದಳು ಸುಮಿತಾ.

“ಅಕಿಗೆ ಈ ವಾರ್ಡಿನ್ಯಾಗ ಓಟಿಲ್ಲವಾ.”

*

ಎರಡನೇ ವಾರ ಗಿರಿಜಾಬಾಯಿಗೆ ಕಾಯುವುದು ಸಾಕಾಯಿತು. ಒಂದು ಡಬ್ಬಿ ಸಜ್ಜಕದ ಹೋಳಿಗೆ ಮಾಡಿ, ಸೊಸೆಗೆ ಇಳಕಲ್ ಸೀರೆ ಉಡಿಸಿ, ಗಂಡನಿಗೆ ಹೇಳದೆ ಅಕ್ಕಾಸಾಹೇಬರ ಮನೆಗೆ ಹೊರಟಳು. ಈಗಿನ ಡ್ರೈವರ್ ಬಾಳೇಶ ಗೇಟು ತೆಗೆದ. ಅಕ್ಕಾಸಾಹೇಬರು ಜೋಕಾಲಿಯ ಮೇಲೆ ಕುಳಿತು ಪೇಪರು ಓದುತ್ತಿದ್ದರು. ಗಿರಿಜಾಬಾಯಿಯ ಮೊಣಕಾಲು ಹೇಗಿದೆ ಎಂದು ಕೇಳಿದರು. ಸುಮಿತಾಳ ಪರೀಕ್ಷೆ ಯಾವಾಗ ಎಂದು ಕೇಳಿದರು. ಚುನಾವಣೆಯ ಮಾತೇ ಇಲ್ಲ. ಚಹ ಬಂತು, ಮುಗಿಯಿತು. ಕೊನೆಗೆ ಪೂರ್ಣಿಮಾ ಎದ್ದು ನಿಂತು ಕೇಳಿಬಿಟ್ಟಳು.

“ಅಕ್ಕಾಸಾಹೇಬ್ರ, ನಾ ನಿಮ್ಮ ಮನಿ ಮಗಳಿದ್ದಂಗ. ನನ್ನ ಪರ ಒಂದು ಮಾತು ಅಂತೀರಲ್ರಿ?”

ಅಕ್ಕಾಸಾಹೇಬರು ಪೇಪರು ಮಡಚಿದರು. ಹೋಳಿಗೆಯ ಡಬ್ಬಿ ತೆಗೆದುಕೊಂಡರು. ಒಂದು ಕೈ ಎತ್ತಿ, “ಹೋ... ಹೋ,” ಎಂದರು. ಒಳಗೆ ಹೋದರು.

ಗೇಟು ದಾಟಿದ್ದೇ ತಡ ಪೂರ್ಣಿಮಾ ಅತ್ತೆಯ ತೋಳು ಹಿಡಿದಳು.

“ಹೌದು ಅಂದ್ರು ಅತ್ಯಾರ! ಕೇಳಿದ್ರೇನ್ರಿ?”

“ಏನ್ ಹೌದು? ಹೋಗು ಅಂದ್ರು! ನನ್ನ ಹೋಳಿಗಿ ಇಟ್ಟುಕೊಂಡು ನಮ್ಮನ್ನ ಹೋಗು ಅಂದ್ರು!”

“ಮರಾಠ್ಯಾಗ ಹೋ ಅಂದ್ರ ಹೌದು ಅಂತರಿ.”

“ಕನ್ನಡದಾಗ ಹೋ ಅಂದ್ರ ಹೋಗು ಅಂತ. ನೀ ಕೇಳಿದ್ದು ಕನ್ನಡದಾಗ!”

“ಹೋಗು ಅನ್ನೂದಿದ್ರ ಹೋಗು ಅಂತಿದ್ರು. ಅರ್ಧಾ ಯಾಕ ಬಿಡ್ತಿದ್ರು?”

“ದೊಡ್ಡ ಮಂದಿ. ಅರ್ಧಾ ಅಂದ್ರೂ ಪೂರಾ ಹೋಗಬೇಕು.”

ಹಾಲಿನ ಡೈರಿಯ ಮುಂದೆ ನಿಂತು ಜಗಳಾಡಿದರು, ಗಿರಣಿಯ ಮುಂದೆ ಜಗಳಾಡಿದರು, ಮನೆ ಹೊಕ್ಕರೂ ಮುಗಿಯಲಿಲ್ಲ. ಈಶಪ್ಪನಿಗೆ ಮೊದಲು ಸಿಟ್ಟು ಬಂತು.

“ನನಗ ಹೇಳದ ಹೋದ್ರಿ?”

“ಹೇಳಿದ್ರ ಬಿಡ್ತಿದ್ರೇನು?” ಎಂದಳು ಗಿರಿಜಾಬಾಯಿ.

ಆದರೆ ‘ಹೋ’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವನ ಸಿಟ್ಟು ಎಲ್ಲೋ ಹೋಯಿತು. ಹಳೆಯ ಗಾಡಿಯ ಇಂಜಿನ್ ಸದ್ದು ಕೇಳಿದವನಂತೆ ನೆಟ್ಟಗೆ ಕುಳಿತ.

“ಕೈ ಎತ್ತಿದ್ರು ಅಂದ್ರೆಲ್ಲ, ಯಾ ಕೈ?”

“ಬಲಗೈ.”

“ಅಂಗೈ ನಿಮ್ಮ ಕಡಿ ಇತ್ತೋ, ಅವರ ಕಡಿ ಇತ್ತೋ?”

“ನಮ್ಮ ಕಡಿ. ಆಶೀರ್ವಾದ ಮಾಡಿದಂಗ,” ಎಂದಳು ಪೂರ್ಣಿಮಾ.

“ಎಮ್ಮಿ ಹೊಡದಂಗ,” ಎಂದಳು ಗಿರಿಜಾಬಾಯಿ.

“ಮಾಡಿ ತೋರಸು.”

ಗಿರಿಜಾಬಾಯಿ ಅಕ್ಕಾಸಾಹೇಬರಾಗಿ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಳಿತಳು. ಸುಮಿತಾ ಡಬ್ಬಿ ಕೊಟ್ಟಳು. ಪೂರ್ಣಿಮಾ ಅದೇ ಪ್ರಶ್ನೆಯನ್ನು ಅದೇ ಧ್ವನಿಯಲ್ಲಿ ಕೇಳಿದಳು. ಗಿರಿಜಾಬಾಯಿ ಕೈ ಎತ್ತಿ “ಹೋ ಹೋ” ಎಂದಾಗ ಸುಮಿತಾಳಿಗೆ ನಗು ತಡೆಯಲಾಗಲಿಲ್ಲ. ಗದ್ದಲ ಕೇಳಿ ಪಕ್ಕದ ಮನೆಯ ಗೋದುಬಾಯಿ ಕೈಯಲ್ಲಿ ಮೊರ ಹಿಡಿದೇ ಬಂದಳು. ಗೋದುಬಾಯಿಯದು ಮರಾಠಿ ಮನೆ.

“ಬಾ ಬಾ, ನೀನ ಸಾಕ್ಷಿ,” ಎಂದು ಈಶಪ್ಪ ಅವಳನ್ನು ಕೂರಿಸಿದ. “ಮರಾಠ್ಯಾಗ ‘ಹೋ’ ಅಂದ್ರ ಏನು?”

“ಹೌದು ಅಂತ.”

“ನೋಡ್ರಿ!” ಎಂದಳು ಪೂರ್ಣಿಮಾ.

“ಆದ್ರ ಎರಡು ಸಲ ಅಂದ್ರು ಅಂದ್ರೆಲ್ಲ?” ಗೋದುಬಾಯಿ ಮೊರ ಕೆಳಗಿಟ್ಟಳು. “ನಮ್ಮ ಮನೆಯವರು ಒಂದ್ ಸಲ ‘ಹೋ’ ಅಂದ್ರ ಹೌದು. ‘ಹೋ ಹೋ’ ಅಂದ್ರ, ತಿಳೀತು, ಇನ್ನ ಬಾಯಿ ಮುಚ್ಚು ಅಂತ.”

ಈಗ ಮೂರು ಅರ್ಥವಾದವು. ನಾಲ್ಕು ಜನವೂ ಈಶಪ್ಪನ ಮುಖ ನೋಡಿದರು. ಎಷ್ಟೋ ವರ್ಷಗಳ ನಂತರ ಯಾರೋ ಅವನ ಕೈಗೆ ಮತ್ತೆ ಕಾರಿನ ಕೀಲಿ ಕೊಟ್ಟ ಹಾಗಿತ್ತು. ಎದ್ದು ಎರಡು ಸಲ ಪಡಸಾಲೆ ಸುತ್ತಿದ.

“ಕೇಳ್ರಿಲ್ಲೆ. ಅಕ್ಕಾಸಾಹೇಬ್ರು ಸಿಟ್ಟು ಮಾಡೂದು ಕನ್ನಡದಾಗ. ಸಲಿಗಿ ಮಾಡೂದು ಮರಾಠ್ಯಾಗ. ಸುಳ್ಳು ಹೇಳೂದು ಇಂಗ್ಲಿಷಿನ್ಯಾಗ. ಹೋಳಿಗಿ ಡಬ್ಬಿ ತೊಗೊಂಡ್ರು, ಅಂದ್ರ ಸಿಟ್ಟಿಲ್ಲ. ಸಿಟ್ಟಿಲ್ಲಂದ್ರ ಅದು ಮರಾಠಿ. ಮರಾಠಿ ಅಂದ್ರ...”

“ಹೌದು!” ಎಂದು ಸುಮಿತಾ ಕೂಗಿದಳು.

ಪೂರ್ಣಿಮಾ ಮಾವನ ಕಾಲು ಮುಟ್ಟಿದಳು. ಅಂದು ಈಶಪ್ಪ ನಾಲ್ಕು ರೊಟ್ಟಿ ತಿಂದ.

*

ಗೋದುಬಾಯಿ ಮೊರ ಎತ್ತಿಕೊಂಡು ಮನೆಗೆ ಹೋದಳಷ್ಟೆ. ಮರುದಿನ ಬೆಳಿಗ್ಗೆ ವೀರೇಶ ಅರ್ಧ ದಾರಿಯಿಂದ ಫೋನು ಮಾಡಿದ. ಪಿಸುಮಾತು ಮರೆತು ಹೋಗಿತ್ತು.

“ಏನ್ ಮಾಡೀರಿ ಮನ್ಯಾಗ? ಬಸ್ಸಿನ್ಯಾಗ ಎಲ್ಲರ ಮೊಬೈಲಿನ್ಯಾಗೂ ಐತಿ! ‘ಅಕ್ಕಾಸಾಹೇಬರ ಬೆಂಬಲ ಪೂರ್ಣಿಮಾಗೆ. ಇಪ್ಪತ್ತಾರು ವರ್ಷದ ಡ್ರೈವರ್ ಈಶಪ್ಪ ಖಚಿತ ಪಡಿಸಿದ್ದಾರೆ.’ ಅಪ್ಪನ ಫೋಟೋ ಬ್ಯಾರೆ!”

“ಯಾ ಫೋಟೋ?” ಎಂದು ಕೇಳಿದಳು ಗಿರಿಜಾಬಾಯಿ.

“ಸುಮಿತಾನ ಜಾವಳದಾಗ ತಗದದ್ದು!”

ಊರು ಎರಡಾಯಿತು. ಚಹದಂಗಡಿಯಲ್ಲಿ ಯಾರಾದರೂ ಕೈ ಎತ್ತಿ “ಹೋ” ಎಂದರೆ ಅರ್ಧ ಜನ ಬೆಂಚಿನಿಂದ ಏಳುತ್ತಿದ್ದರು, ಅರ್ಧ ಜನ ಕುಳಿತೇ ಹೌದೆಂದು ತಲೆಯಾಡಿಸುತ್ತಿದ್ದರು. ಪೂರ್ಣಿಮಾ ಪ್ರಚಾರಕ್ಕೆ ಹೋದ ಮನೆಗಳಲ್ಲಿ ಹೆಂಗಸರು ಚಹಕ್ಕೆ ಮೊದಲೇ ನೀರು ಇಡುತ್ತಿದ್ದರು. ಸಂಘದ ಹನ್ನೆರಡು ಜನಕ್ಕೆ ಕಾಲು ನೆಲಕ್ಕೇ ತಾಗುತ್ತಿರಲಿಲ್ಲ.

ಸುದ್ದಿ ಹಬ್ಬಿದ ದಿನದ ಸಂಜೆಯೇ ಗುತ್ತಿಗೆದಾರ ಮಲ್ಲೇಶ ಬಂದ. ಚಪ್ಪಲಿ ಬಿಡದೆ ಕಟ್ಟೆಯ ಕೆಳಗೇ ನಿಂತ.

“ಈಶಪ್ಪಣ್ಣ, ನೀವು ಹಿರ್ಯಾರು. ಅಕ್ಕಾಸಾಹೇಬ್ರು ನಿಮ್ಮ ಕಿವ್ಯಾಗ ಹೇಳ್ಯಾರೇನು?”

“ಇಲ್ಲ.”

“ಪೇಪರಿನ್ಯಾಗ ಬರದಾರೇನು?”

“ಇಲ್ಲ.”

“ಮತ್ತ ಯಾರ ಮಾತಿನ ಮ್ಯಾಲೆ ಖಚಿತ ಪಡಿಸಿದ್ರಿ? ಸೊಸಿ ಗೆಲ್ಲಲಿ ಅಂತ ಅವರ ಹೆಸರು ಮಾರಿದ್ರೇನು?”

ಈಶಪ್ಪನ ಮುಖ ಕಪ್ಪಾಯಿತು. ಇಪ್ಪತ್ತಾರು ವರ್ಷದಲ್ಲಿ ಕಾರಿನೊಳಗೆ ಕೇಳಿದ ಒಂದು ಮಾತನ್ನೂ ಅವನು ಹೊರಗೆ ಬಿಟ್ಟವನಲ್ಲ. ಅಂಗಿ ಹಾಕಿಕೊಂಡು ನೇರ ಅಕ್ಕಾಸಾಹೇಬರ ಮನೆಗೆ ಹೋದ. ಅವರು ಅನಮೋಡದ ಕಡೆ ಯಾರದೋ ಮದುವೆಗೆ ಹೋಗಿದ್ದಾರೆ, ಎರಡು ದಿನ ಬರುವುದಿಲ್ಲ ಎಂದು ಗೇಟಿನಲ್ಲಿದ್ದ ಬಾಳೇಶನ ತಮ್ಮ ಹೇಳಿದ. ಈಶಪ್ಪ ಗೇಟಿನ ಹೊರಗಿನ ಕಲ್ಲಿನ ಮೇಲೆ ಒಂದು ತಾಸು ಕುಳಿತು ವಾಪಸು ಬಂದ.

ಮನೆಯಲ್ಲಿ ಪೂರ್ಣಿಮಾ ಕರಪತ್ರಗಳ ಕಟ್ಟು ಬಿಚ್ಚುತ್ತಿದ್ದಳು.

“ಇನ್ನ ಮ್ಯಾಲೆ ನನ್ನ ಬಾಯಿಂದ ಅಕ್ಕಾಸಾಹೇಬ್ರ ಹೆಸರು ಬರೂದಿಲ್ಲ,” ಎಂದ ಈಶಪ್ಪ.

“ಬರೂದು ಬ್ಯಾಡ್ರಿ ಮಾವಾರ. ನನ್ನ ಹೆಸರು ಬರಲಿ.”

“ಅಂದ್ರ?”

“ಹದಿನೆಂಟು ವರ್ಷ ಆತು ನಾ ಈ ಮನಿಗೆ ಬಂದು. ನಿಮ್ಮ ಅಂಗಿ ನಾ ಹೊಲೀತೇನಿ, ನಿಮ್ಮ ಬಿ.ಪಿ. ಗುಳಿಗಿ ನಾ ನೆನಪು ಮಾಡ್ತೇನಿ. ನಾ ಹೆಂಥಾಕಿ ಅಂತ ನಿಮಗ ಗೊತ್ತೈತಿ. ಅಕ್ಕಾಸಾಹೇಬ್ರು ಏನಂತಾರ ಅಂತ ಊರಿಗೆಲ್ಲಾ ಹೇಳಿದ್ರಿ. ನೀವು ಏನಂತೀರಿ?”

“ಪೂರ್ಣಿಮಾ, ಅದು ಬ್ಯಾರೆ, ಇದು ಬ್ಯಾರೆ.”

“ಯಾವುದು ಬ್ಯಾರೆ ಮಾವಾರ?”

“ಆ ಹೆಣ್ಣಮಗಳ ಅನ್ನ ತಿಂದೇನಿ!”

ಈ ಮಾತು ಅಡುಗೆಮನೆಯಲ್ಲಿದ್ದ ಗಿರಿಜಾಬಾಯಿಯ ಕಿವಿಗೆ ಬಿತ್ತು. ಮರುದಿನ ಮಧ್ಯಾಹ್ನ ಅವಳು ಗಂಡನ ಮುಂದೆ ತಾಟು ಇಟ್ಟಳು. ತಾಟಿನಲ್ಲಿ ಏನೂ ಇರಲಿಲ್ಲ.

“ಊಟ?” ಎಂದ ಈಶಪ್ಪ.

“ಅದನ್ನ ಕೇಳಾಕ ಬಂದೇನಿ. ಸಾರು ಮಾಡ್ಲೋ, ಪಲ್ಲೆ ಮಾಡ್ಲೋ? ಅಕ್ಕಾಸಾಹೇಬ್ರಿಗೆ ಫೋನ್ ಹಚ್ಚಿ ಕೇಳ್ರಿ.”

“ಗಿರಿಜಾ, ಚಾಷ್ಟಿ ಸಾಕು.”

“ನಾ ಚಾಷ್ಟಿ ಮಾಡಾಕತ್ತಿಲ್ಲ. ಯಾರ ಅನ್ನ ತಿಂದೇನಿ ಅಂದ್ರಿ? ಅವರು ಪಗಾರ ಕೊಟ್ಟರು. ಅನ್ನಾ ಮಾಡಿದಾಕಿ ನಾನು. ನೀವು ಬೆಂಗಳೂರಿಂದ ಬರೂತನಕ ಕುದಿಸಿ ಕುದಿಸಿ ಸಾರು ಬತ್ತಿಸಿದಾಕಿ ನಾನು. ಈಗ ಎಂಟು ದಿನದಿಂದ ಬೆಳಿಗ್ಗೆ ಆರಕ್ಕ ಅಕಿ ರೊಟ್ಟಿ ಬಡದು ಪ್ರಚಾರಕ್ಕ ಹೋಗ್ತಾಳ, ಹೊಳ್ಳಿ ಬಂದು ಅಂಗಿ ಹೊಲೀತಾಳ. ಅಕಿ ರೊಟ್ಟಿ ತಿಂದದ್ದು ಲೆಕ್ಕಕ್ಕ ಇಲ್ಲೇನು?”

ಈಶಪ್ಪ ಎದ್ದು ಹೋಗಿ ಬುಟ್ಟಿಯಲ್ಲಿ ಕೈ ಆಡಿಸಿದ. ಒಂದು ತಣ್ಣನೆಯ ರೊಟ್ಟಿ ಸಿಕ್ಕಿತು. ಶೇಂಗಾ ಚಟ್ನಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತು ತಿಂದ. ಚನಬಸಪ್ಪ ಎದುರಿನಿಂದಲೇ ಕೂಗಿದ.

“ಏನೋ ಈಶಪ್ಪ, ಊಟ ಹೊರಗ?”

“ಒಳಗ ಸೆಕಿ.”

“ಗಾಜು ಇಳಸೋ!”

ಈಶಪ್ಪ ನಗಲಿಲ್ಲ. ಎರಡು ದಿನ ಕಟ್ಟೆಗೆ ಬಂದವರಿಗೆಲ್ಲ “ನನಗೇನೂ ಗೊತ್ತಿಲ್ಲ” ಎಂದ. ಅಕ್ಕಾಸಾಹೇಬರು ಅನಮೋಡದಿಂದ ವಾಪಸು ಬಂದರು. ಬಂದವರೂ ಏನೂ ಅನ್ನಲಿಲ್ಲ. ಹೌದೂ ಇಲ್ಲ, ಸುದ್ದಿ ಸುಳ್ಳು ಎಂದೂ ಇಲ್ಲ. ಸುಮಿತಾಳ ಹಾಳೆಯಲ್ಲಿ ಗೆರೆ ಹಾಕಲು ಜಾಗ ಉಳಿಯಲಿಲ್ಲ.

*

ಪ್ರಚಾರದ ಕೊನೆಯ ದಿನ ಶುಕ್ರವಾರ. ಬೆಳಿಗ್ಗೆ ಎಂಟೂವರೆಗೆ ಪೂರ್ಣಿಮಾ ತಲೆ ಬಾಚುತ್ತಿದ್ದಳು. ವೀರೇಶನಿಗೆ ವಾರದ ರಜೆ, ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದ. ಪ್ರಚಾರ ಮಾಡುವಂತಿಲ್ಲ, ಬಟ್ಟೆ ಒಗೆಯಬಾರದು ಎಂದು ಯಾವ ಕಾನೂನೂ ಹೇಳಿಲ್ಲ ಎಂದು ಗಿರಿಜಾಬಾಯಿ ಅವನಿಗೆ ಬಕೆಟ್ಟು ಕೊಟ್ಟಿದ್ದಳು. ಓಣಿಯ ತುದಿಯಿಂದ ಸುಮಿತಾ ಓಡುತ್ತ ಬಂದಳು.

“ಬಂದ್ರು! ಮಮ್ಮಿ, ಅಕ್ಕಾಸಾಹೇಬ್ರ ಗಾಡಿ! ನಮ್ಮ ಓಣ್ಯಾಗ!”

“ಯಾರ ಮನಿಗೆ?”

“ಗೊತ್ತಿಲ್ಲ! ಗಾಜು ಇಳಿಸೈತಿ!”

ಗಿರಿಜಾಬಾಯಿ ಸ್ಟೂಲಿನ ಮೇಲಿನ ಬಟ್ಟೆ ಎಳೆದು ಪಕ್ಕಕ್ಕೆ ಎಸೆದಳು. ಪೂರ್ಣಿಮಾ ಅರ್ಧ ಹೆಣೆದ ಜಡೆಯಲ್ಲೇ ಹೊರಗೆ ಬಂದಳು. ವೀರೇಶ ಸಾಬೂನಿನ ಕೈಯಲ್ಲೇ ಬಾಗಿಲ ಹಿಂದೆ ನಿಂತ. ಕಾರು ನಿಧಾನವಾಗಿ ಬಂದು ಈಶಪ್ಪನ ಕಟ್ಟೆಯ ಮುಂದೆಯೇ ನಿಂತಿತು. ಬಾಳೇಶ ಇಳಿದು ಬಾಗಿಲು ತೆಗೆಯುವಷ್ಟರಲ್ಲಿ ಈಶಪ್ಪ ಅಭ್ಯಾಸಬಲದಿಂದ ತಾನೇ ಓಡಿ ತೆಗೆದ. ಅಕ್ಕಾಸಾಹೇಬರು ಇಳಿಯಲಿಲ್ಲ. ಕಾಲು ಮಾತ್ರ ಹೊರಗೆ ಚಾಚಿ ಕುಳಿತರು. ಕಿಟಕಿಗಳಲ್ಲಿ, ಮಾಳಿಗೆಯ ಮೇಲೆ, ಚನಬಸಪ್ಪನ ಬಾಗಿಲಲ್ಲಿ ತಲೆಗಳು ಮೂಡಿದವು.

“ಅಕ್ಕಾಸಾಹೇಬ್ರ, ತಪ್ಪಾತು,” ಎಂದ ಈಶಪ್ಪ. “ನಿಮ್ಮ ಒಂದು ‘ಹೋ’ಕ್ಕ ನಾ ಅರ್ಥಾ ಹಚ್ಚಿ...”

“ಎಷ್ಟು ಅರ್ಥಾ ಹಚ್ಚಿದ್ರಿ?”

“ಮೂರರಿ.”

ಅಕ್ಕಾಸಾಹೇಬರು ಗಟ್ಟಿಯಾಗಿ ನಕ್ಕರು. “ಎರಡ ಅಂತ ಮಾಡಿದ್ದೆ. ಈಶಪ್ಪ, ಇಷ್ಟು ವರ್ಷ ಗಾಡಿ ಹೊಡದು ನಿನಗ ಇನ್ನೂ ತಿಳೀಲಿಲ್ಲೇನು? ಹೌದು ಅನ್ನಾಕ ಮನಸಿಲ್ಲ, ಇಲ್ಲ ಅನ್ನಾಕ ಧೈರ್ಯ ಇಲ್ಲ, ಅವಾಗ ನಾ ‘ಹೋ’ ಅಂತೇನಿ. ಕನ್ನಡದವರು ಕನ್ನಡ ತೊಗೊಂಡು ಹೋಗ್ತಾರ, ಮರಾಠ್ಯಾರು ಮರಾಠಿ ತೊಗೊಂಡು ಹೋಗ್ತಾರ. ಎರಡು ಇಲೆಕ್ಷನ್ ಅದರ ಮ್ಯಾಲೆ ಗೆದ್ದೇನಿ.”

ಈಶಪ್ಪನ ಬಾಯಿ ತೆರೆದೇ ಇತ್ತು. ಬಾಗಿಲಿನಿಂದ ಗಿರಿಜಾಬಾಯಿ, “ಮತ್ತ ನನ್ನ ಹೋಳಿಗಿ ಡಬ್ಬಿ?” ಎಂದಳು.

“ಬಾಳೇಶಾ, ಡಬ್ಬಿ ಕೊಡು. ಹೋಳಿಗಿ ಛಲೋ ಇದ್ವು ಗಿರಿಜಾಬಾಯಿ.” ಅಕ್ಕಾಸಾಹೇಬರು ಮತ್ತೆ ಈಶಪ್ಪನ ಕಡೆ ತಿರುಗಿದರು. ಈಗ ನಗು ಇರಲಿಲ್ಲ. “ನಾ ಕೇಳಾಕ ಬಂದೇನಿ. ಈ ಓಣಿ ಯಾ ಕಡೆ ಐತಿ?”

“ನೀವು ಹೇಳಿದ ಕಡೆ ಐತ್ರಿ.”

“ಸುಳ್ಳ. ಮೊದಲ ಇತ್ತು. ಈಗ ನಾ ಹೇಳಿ, ಓಣಿ ಕೇಳಲಿಲ್ಲಂದ್ರ ನನ್ನ ಮಾರಿ ಎಲ್ಲಿ ಇಟ್ಟುಕೊಳ್ಳಲಿ? ಹದಿನೈದು ದಿನದಿಂದ ದಿನಾ ಬಾಳೇಶನ್ನ ಕೇಳ್ತೇನಿ, ‘ಈಶಪ್ಪ ಸೊಸಿಗೆ ಹಾಕ್ತೇನಿ ಅಂದ್ನೇನು?’ ಅಂತ. ‘ಇಲ್ರಿ, ಅವರೂ ನೀವು ಏನಂತೀರಂತ ಕಾಯಾಕತ್ತಾರ’ ಅಂತಾನ. ಅಲ್ಲೋ, ಮನೀ ಸೊಸಿಗೆ ಮಾವ ಒಂದು ಮಾತು ಅಂದಿಲ್ಲ. ಹೊರಗಿನಾಕಿ ನಾ ಹೆಂಗ ಅನ್ನಲಿ?”

ಸುಮಿತಾ ತಾಯಿಯ ಕೈಯನ್ನು ಮುರಿದುಹೋಗುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಈಶಪ್ಪ ಕಾರಿನ ಬಾಗಿಲಿನಿಂದ ಕೈ ತೆಗೆದ. ಪೂರ್ಣಿಮಾಳ ಕಡೆ ನೋಡಿದ. ಅವಳ ಅರ್ಧ ಜಡೆ ಬಿಚ್ಚಿಕೊಳ್ಳುತ್ತಿತ್ತು. ಅವಳು ಅವನ ಮುಖದಿಂದ ಕಣ್ಣು ಕದಲಿಸಲಿಲ್ಲ.

“ನನ್ನ ಓಟು ಪೂರ್ಣಿಮಾಗ,” ಎಂದ. ಧ್ವನಿ ಅವನಿಗೇ ಸಾಲಲಿಲ್ಲವೇನೋ, ಮಾಳಿಗೆಯವರಿಗೂ ಕೇಳುವಂತೆ ಇನ್ನೊಮ್ಮೆ ಕೂಗಿದ. “ನನ್ನ ಓಟು ನನ್ನ ಸೊಸಿ ಪೂರ್ಣಿಮಾಗ! ನೀವು ಏನರ ಅನ್ರಿ ಅಕ್ಕಾಸಾಹೇಬ್ರ, ಸಿಟ್ಟಾಗ್ರಿ, ಬೇಕಾದ್ರ ಬಿಡ್ರಿ.”

ಬಾಗಿಲ ಹಿಂದಿನಿಂದ ಸಾಬೂನಿನ ಕೈಗಳ ಒಂದು ಚಪ್ಪಾಳೆ ಕೇಳಿತು. ನಿಂತೂ ಹೋಯಿತು.

ಅಕ್ಕಾಸಾಹೇಬರು ಕಾಲು ಒಳಗೆ ತೆಗೆದುಕೊಂಡರು. “ಮತ್ತ ನನ್ನ ಮುಂದ ಏನ್ ಹೇಳ್ತಿ? ಓಟು ನನ್ನ ಒಬ್ಬಾಕಿದು ಐತೇನು? ಓಣಿಗೆ ಹೇಳು.”

ಈಶಪ್ಪ ಕಟ್ಟೆ ಹತ್ತಿ ಅಲ್ಲಿದ್ದ ಕರಪತ್ರಗಳ ಕಟ್ಟು ಎತ್ತಿಕೊಂಡ. ಕಟ್ಟೆ ಇಳಿದು ಓಣಿಯ ನಡುವೆ ಹೆಜ್ಜೆ ಹಾಕಿದ. ಪೂರ್ಣಿಮಾ ಹಿಂದೆ ಓಡಿದಳು. ಅವಳ ಹಿಂದೆ ಸುಮಿತಾ, ಪ್ರಚಾರಕ್ಕೆಂದು ಬಂದು ಸೇರಿದ್ದ ಸಂಘದ ಹೆಂಗಸರು, ಮೊರ ಸಹಿತ ಗೋದುಬಾಯಿ.

ಬಾಳೇಶ ಸ್ಟೇರಿಂಗ್ ಮುಂದೆ ಕುಳಿತು, “ಎತ್ತಾಗ್ರಿ?” ಎಂದು ಕೇಳಿದ.

“ಈಶಪ್ಪನ ಹಿಂದ. ಫಸ್ಟ್ ಗೇರಿನ್ಯಾಗ ನಡಿ,” ಎಂದರು ಅಕ್ಕಾಸಾಹೇಬರು.

“ಏನ್ರೀ, ಚಪ್ಪಲಿ ಹಾಕ್ಕೊಂಡು ಹೋಗ್ರಿ!” ಎಂದು ಗಿರಿಜಾಬಾಯಿ ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಮೊದಲ ಬಾಗಿಲು ಚನಬಸಪ್ಪನದು. ಹೊಸ್ತಿಲ ಮೇಲೆ ನಿಂತಿದ್ದ ಚನಬಸಪ್ಪ ಕರಪತ್ರ ತೆಗೆದುಕೊಂಡ. ಓದಲಿಲ್ಲ. ಈಶಪ್ಪನ ಭುಜದ ಮೇಲಿಂದ ಕತ್ತು ಚಾಚಿ, ಹಿಂದೆ ಗುರುಗುಟ್ಟುತ್ತ ಬರುತ್ತಿದ್ದ ಕಾರಿನೊಳಗೆ ಇಣುಕಿದ. ಅಕ್ಕಾಸಾಹೇಬರು ತಲೆಯಾಡಿಸುತ್ತಾರೋ, ಕೈ ಎತ್ತುತ್ತಾರೋ ಎಂದು ಹುಡುಕಿದ.

ಈಶಪ್ಪ ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದ.

“ಅಲ್ಲೇನ್ ನೋಡ್ತೀಯೋ ಚನಬಸ್ಯಾ? ಇಲ್ಲಿ ನೋಡು. ನಾ ಹೇಳಾಕತ್ತೇನಿ.”